ಮನೆಯಿಂದಲೇ ದುಡಿಮೆ: ಲಾಭವೆಷ್ಟು, ನೋವೆಷ್ಟು?

ಗ್ರಾಹಕರ ದೂರವಾಣಿ ಕರೆಗಳಿಗೆ ಉತ್ತರಿಸುವ ಉದ್ಯೋಗದಲ್ಲಿರುವ ಯುವತಿಯೊಬ್ಬಳು ಈಚೆಗೆ ತಾಯಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದಳು. ಗಂಟಲು ಕಟ್ಟಿತ್ತು, ಜೊತೆಗೆ ಸೊಂಟನೋವು. ‘ಮನೆಯಲ್ಲೇ ಕೂತು ಮಾಡೋ ಕೆಲಸ ಡಾಕ್ಟ್ರೇ, ಇದಕ್ಕೆಂಥ ಆಯಾಸ?’ ಎಂದರು ತಾಯಿ. ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು.

ಮನೆಯಲ್ಲಿ ಕೆಲಸ ಹೆಚ್ಚು ಸಾಗುತ್ತದೆಯೇ? ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಶಾಂಘೈ ಕಾಲ್ ಸೆಂಟರಿನಲ್ಲಿ 2010-11ರಲ್ಲಿ ಒಂಬತ್ತು ತಿಂಗಳು ಇದನ್ನು ಪರೀಕ್ಷಿಸಲಾಯಿತು. ಇಚ್ಛೆಪಟ್ಟವರ ಪೈಕಿ ಸಮಸಂಖ್ಯೆಯ ದಿನಾಂಕದಂದು ಹುಟ್ಟಿದವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಉಳಿದವರು ಕಚೇರಿಯಿಂದ ದುಡಿದರು. ಮನೆಯವರ ಕೆಲಸ ಶೇ 13ರಷ್ಟು ಹೆಚ್ಚಿತು. ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕಿಳಿಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಾಸ್ ಬ್ಲೂಮ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪ್ರಕಟಿಸಿದರು.

ಆದರೆ ಗಮನಿಸಿ. ಆ 13ರಲ್ಲಿ ಸುಮಾರು 9 ಭಾಗ ಬಂದದ್ದು ಬಿಡುವು ಮತ್ತು ರಜೆ ಕಡಿಮೆಯಾದದ್ದರಿಂದ. ಕಂಪನಿಗೆ ಲಾಭವಾದ ಆ ಬಿಡುವೇ ಗಂಟಲಿಗೆ, ಬೆನ್ನಿಗೆ ಸಿಗಬೇಕಾದ ವಿಶ್ರಾಂತಿ! ಪ್ರಯೋಗ ಮುಗಿದ ಮೇಲೆ ಮತ್ತೆ ಆಯ್ಕೆಗೆ ಅವಕಾಶ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿ ನಿರ್ಧಾರ ಬದಲಿಸಿದರು. ಕಚೇರಿಗೆ ಮರಳಿದವರು ಹೇಳಿದ ಮುಖ್ಯ ಕಾರಣ ಒಂಟಿತನ. ತಮಗೆ ಒಗ್ಗುವುದನ್ನು ಆರಿಸಿಕೊಂಡ ಬಳಿಕ ಲಾಭ ಶೇ 22ಕ್ಕೇರಿತು.

ಇನ್ನೊಂದು ಮಾತು. ಮನೆಯಿಂದ ದುಡಿಯಲು ಅಲ್ಲಿ ಪ್ರತ್ಯೇಕ ಕೋಣೆ ಇರಲೇಬೇಕಿತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅದು ಸಾಧ್ಯ? ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಯವರ ಕೆಲಸ ಶೇ 18ರಷ್ಟು ಕಡಿಮೆಯೇ ಇತ್ತು. ಹಾಗಾಗಿ ಎಲ್ಲರಿಗೂ ಒಂದೇ ಮದ್ದಿಲ್ಲ.

ಮನೆಯಿಂದ ದುಡಿಯುವವರು ಇಷ್ಟನ್ನು ಪಾಲಿಸಿ:

* ಹಾಸಿಗೆಯ ಮೇಲಲ್ಲ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.
* ಆಗಾಗ ಗುಟುಕು ನೀರು ಕುಡಿಯಿರಿ. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.
* ಹೆಡ್‌ಫೋನಿನ ಸದ್ದು ಮಿತವಾಗಿರಲಿ.
* ರಾತ್ರಿ ಪಾಳಿಯವರು ಹಗಲು ಕೋಣೆ ಕತ್ತಲು ಮಾಡಿಕೊಂಡು ಏಳು ಗಂಟೆಯಾದರೂ ನಿದ್ರಿಸಬೇಕು.
* ದಿನಕ್ಕೊಮ್ಮೆ ಹೊರಗೆ ಹೋಗಿ ನಾಲ್ಕು ಜನರೊಡನೆ ಮಾತನಾಡಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೆ: ‘ಮಗಳು ಮನೆಯಲ್ಲಿದ್ದಾಳೆ, ನಿಜ. ಆದರೆ ಬಿಡುವಾಗಿಲ್ಲ. ಕೆಲಸದ ನಡುವೆ ಹಾಲು ಕಾಯಿಸಲು ಕರೆಯಬೇಡಿ. ಕೆಲಸ ಮುಗಿದ ಮೇಲೆ ಅವಳ ಜೊತೆ ಕೂತು ಊಟ ಮಾಡಿ.’