ಮುಖವಿಲ್ಲದ ತಂದೆಯ ಚಿತ್ರ

ಕಳೆದ ಕಕ್ಕಡ ಮಾಸದಲ್ಲಿ ಬಿಟ್ಟಂಗಾಲದ ನಮ್ಮ ಮನೆಗೆ ಒದ್ದೆಯಾದ ಲಕೋಟೆಯೊಂದು ಬಂದಿತು. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯ ಈ ಊರಿನಲ್ಲಿ ಆ ತಿಂಗಳ ಮಳೆಯನ್ನು ಯಾರೂ ದಿನಗಳಲ್ಲಿ ಎಣಿಸುವುದಿಲ್ಲ, ವಾರಗಳಲ್ಲಿ ಎಣಿಸುತ್ತಾರೆ. ಮರ ಬಿದ್ದು ತಂತಿ ಹರಿದರೆ ಕರೆಂಟು ಬರುವುದು ನಾಲ್ಕು ದಿನಕ್ಕೋ ಐದು ದಿನಕ್ಕೋ. ಅಂಚೆಯವರು ಪ್ಲಾಸ್ಟಿಕ್ ಕೊಪ್ಪೆಯೊಳಗಿನಿಂದ ತೆಗೆದುಕೊಟ್ಟ ಆ ಲಕೋಟೆಯನ್ನು ನಾವು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲಿಟ್ಟು, ಸಂಜೆ ದೀಪ ಹಚ್ಚಿಕೊಂಡು ಒಡೆದೆವು.

ಈ ಪತ್ರಿಕೆಯ ಮಕ್ಕಳ ಪುಟಕ್ಕೆ ಓದುಗರು ಕಳುಹಿಸುವ ಚಿತ್ರಗಳನ್ನು ಆರಿಸಿಕೊಡುವ ಕಾರ್ಯವನ್ನು ಸಂಪಾದಕರು ಕೆಲವು ವರ್ಷಗಳಿಂದ ನಮಗೆ ವಹಿಸಿದ್ದಾರೆ. ಬರುವ ಚಿತ್ರಗಳ ಪರಿಚಯ ಓದುಗ ಬಂಧುಗಳಿಗೆ ಇದ್ದೇ ಇದೆ. ಬಸವಣ್ಣನವರು, ಅಕ್ಕಮಹಾದೇವಿ, ನವಿಲು, ಎರಡು ಬೆಟ್ಟಗಳ ನಡುವೆ ಹುಟ್ಟುವ ಸೂರ್ಯ. ಬೆಟ್ಟಗಳು ಸದಾ ಎರಡೇ ಏಕೆ ಇರಬೇಕೆಂಬುದು ನಮಗೆ ಈವರೆಗೂ ಬಗೆಹರಿಯದ ಪ್ರಶ್ನೆ. ಕಣ್ಣೆತ್ತಿದಲ್ಲೆಲ್ಲ ಬೆಟ್ಟವೇ ಕಾಣುವ ಕೊಡಗಿನ ಮಕ್ಕಳೂ ಎರಡನ್ನೇ ಬರೆಯುತ್ತಾರೆ. ಆದರೆ ಆ ಸಂಜೆಯ ಲಕೋಟೆಯಲ್ಲಿದ್ದ ನಾಲ್ಕು ಹಾಳೆಗಳಲ್ಲಿ ಬೆಟ್ಟವೂ ಇರಲಿಲ್ಲ, ಸೂರ್ಯನೂ ಇರಲಿಲ್ಲ. ಕೆಂಪು ಟೊಪ್ಪಿಗೆ, ಹಳದಿ ನೀಲಿ ಪಟ್ಟೆಯ ಅಂಗಿ ತೊಟ್ಟ ಹುಡುಗನೊಬ್ಬ ಕೈಯಲ್ಲಿ ಕೋಲು ಹಿಡಿದು ನಿಂತಿದ್ದ. ಕೊಡಗಿನವರಾದ ನಾವು ಅದನ್ನು ಹಾಕಿ ಕೋಲೆಂದೇ ತಿಳಿದೆವು. ಎರಡನೆಯ ಹಾಳೆಯಲ್ಲಿ ಅವನೇ ಟೆಲಿಫೋನಿನ ಮುಂದೆ, ಮೂರನೆಯದರಲ್ಲಿ ಮೂವರು ಗೆಳೆಯರೊಡನೆ ಕತ್ತಲೆಗೆ ಮುಖಮಾಡಿ. ನಾಲ್ಕನೆಯದರಲ್ಲಿ ದಪ್ಪ ಕೋಟು ತೊಟ್ಟ, ಮೀಸೆಯ ಗಂಡಸೊಬ್ಬ. ಕಳುಹಿಸಿದವಳು ನಮ್ಮ ತಾಲ್ಲೂಕಿನವಳೇ ಆದ ಹನ್ನೊಂದು ವರ್ಷದ ಬಾಲಿಕೆ. ಕೆಳಗೆ ‘ಅರ್ತ್‌ಬೌಂಡ್ ಆಟದ ಚಿತ್ರಗಳು’ ಎಂದು ಬರೆದಿದ್ದಳು.

ವಿಡಿಯೋ ಗೇಮಿನ ಚಿತ್ರವೆಂದ ಕೂಡಲೇ ನಾವು ಮಾಡಿದ ಕೆಲಸವನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ‘ಬೇರೆಯವರ ಗೊಂಬೆಯನ್ನು ನಕಲು ಮಾಡಬಾರದು, ಸ್ವಂತ ಕಲ್ಪನೆಯಿಂದ ಬರೆದು ಕಳುಹಿಸು’ ಎಂದು ಕಾರ್ಡಿನಲ್ಲಿ ಬರೆದು, ನಾಲ್ಕು ಹಾಳೆಗಳನ್ನೂ ಹಿಂದಕ್ಕೆ ಕಳುಹಿಸಿದೆವು. ಹದಿನೈದು ದಿನಕ್ಕೆ ಉತ್ತರ ಬಂದಿತು. ‘ಅಜ್ಜ, ನಾಲ್ಕನೆಯ ಚಿತ್ರ ಆಟದಲ್ಲಿ ಇಲ್ಲ. ನಾನೇ ಬರೆದದ್ದು. ನೀವು ಆಟ ನೋಡಿಲ್ಲ ಅಂತ ಕಾಣುತ್ತೆ’ ಎಂಬಿಷ್ಟೇ. ಜೊತೆಗೆ ಅದೇ ನಾಲ್ಕು ಹಾಳೆಗಳು.

ಮಗು ಹೇಳಿದ್ದು ನಿಜ. ನೋಡದ ಗ್ರಂಥಕ್ಕೆ ವಿಮರ್ಶೆ ಬರೆಯಬಾರದೆಂದು ಮಠದ ಪಾಠಶಾಲೆಯಲ್ಲಿ ಗುರುಗಳು ನಮಗೆ ಕಲಿಸಿದ್ದರು. ಆ ಪಾಠವನ್ನು ಅರವತ್ತು ದಾಟಿದ ಮೇಲೆ ಹನ್ನೊಂದರ ಬಾಲಿಕೆಯಿಂದ ಮತ್ತೆ ಓದಬೇಕಾಯಿತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ತಮ್ಮನ ಮೊಮ್ಮಗ ರಜೆಗೆ ಬಂದಾಗ ಸ್ವಿಚ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ತಂದಿದ್ದ. ಆ ಆಟ ಅದರಲ್ಲಿ ದೊರೆಯುತ್ತದೆಂದು ತಿಳಿದು ಮೂರು ಸಂಜೆ ಅವನ ಪಕ್ಕದಲ್ಲಿ ಕುಳಿತು ನೋಡಿದೆವು. ಬ್ಯಾಟರಿ ಮುಗಿದಾಗ ಕಥೆಯನ್ನು ಅವನು ಬಾಯಲ್ಲಿ ಮುಂದುವರಿಸುತ್ತಿದ್ದ.

ಈ ಆಟವನ್ನು ರೂಪಿಸಿದವರು ಜಪಾನಿನ ಶಿಗೆಸಾಟೊ ಇಟೊಯಿ. ಅವರು ವೃತ್ತಿಯಿಂದ ಜಾಹೀರಾತಿನ ಬರಹಗಾರರು, ಸಾಹಿತಿಗಳು. ನಿಂಟೆಂಡೊ ಸಂಸ್ಥೆ ಇದನ್ನು 1994ರಲ್ಲಿ ಜಪಾನಿನಲ್ಲಿ ‘ಮದರ್ 2’ ಎಂಬ ಹೆಸರಿನಿಂದಲೂ, 1995ರಲ್ಲಿ ಅಮೆರಿಕದಲ್ಲಿ ‘ಅರ್ತ್‌ಬೌಂಡ್’ ಎಂಬ ಹೆಸರಿನಿಂದಲೂ ಹೊರತಂದಿತು. ಖಡ್ಗ ಹಿಡಿದ ವೀರನ ಬದಲು ಬೇಸ್‌ಬಾಲ್ ದಾಂಡು ಹಿಡಿದ (ಹಾಕಿ ಕೋಲಲ್ಲ!) ಪುಟ್ಟ ಊರಿನ ಹುಡುಗನೇ ಇದರ ನಾಯಕ. ಒಂದು ರಾತ್ರಿ ಮನೆಯ ಹತ್ತಿರದ ಗುಡ್ಡಕ್ಕೆ ಉಲ್ಕೆ ಬೀಳುತ್ತದೆ. ಅಲ್ಲಿಂದ ಅವನ ಯಾತ್ರೆ ಆರಂಭ. ಇಷ್ಟಾದರೆ ಎಲ್ಲ ಆಟಗಳಂತೆ ಇದೂ ಒಂದು. ನಮ್ಮನ್ನು ಹಿಡಿದು ಕೂರಿಸಿದ್ದು ಬೇರೆ. ಬಹಳ ದಿನ ಮನೆಯಿಂದ ದೂರವಿದ್ದರೆ ಆ ಹುಡುಗನಿಗೆ ಮನೆಯ ನೆನಪು ಕಾಡತೊಡಗಿ, ಹೋರಾಡುವ ಮನಸ್ಸೇ ಇಲ್ಲದಂತಾಗುತ್ತದೆ. ಅದಕ್ಕೆ ಔಷಧವೆಂದರೆ ತಾಯಿಗೆ ಫೋನು ಮಾಡಿ ಮಾತಾಡುವುದು. ಆಟವನ್ನು ಅಲ್ಲಿಯವರೆಗೆ ಉಳಿಸಿಡಬೇಕಾದರೆ ತಂದೆಗೆ ಫೋನು ಮಾಡಬೇಕು. ಮಗನ ಖರ್ಚಿಗೆ ಬ್ಯಾಂಕಿನಲ್ಲಿ ಹಣ ಹಾಕುವವನು ತಂದೆ. ಬಹಳ ಹೊತ್ತು ಆಡುತ್ತಿದ್ದರೆ ತಾನೇ ಫೋನು ಮಾಡಿ ‘ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಾರದೇ’ ಎಂಬಂತೆ ಕೇಳುವವನೂ ಅವನೇ. ಮಕ್ಕಳು ಆಟ ಬಿಟ್ಟೇಳುವುದಿಲ್ಲವೆಂದು ನಮಗೆ ಪತ್ರ ಬರೆಯುವ ತಾಯಂದಿರು ಈ ಸಂಗತಿಯನ್ನು ಗಮನಿಸಬೇಕು. ಆದರೆ ಆ ತಂದೆ ಆದಿಯಿಂದ ಅಂತ್ಯದವರೆಗೆ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅವನಿಗೆ ಮುಖವಿಲ್ಲ. ಅವನೆಂದರೆ ಒಂದು ಟೆಲಿಫೋನು.

ಕೊನೆಯ ಯುದ್ಧವೂ ವಿಚಿತ್ರವಾದದ್ದು. ಎದುರಾಳಿಗೆ ಆಕಾರವಿಲ್ಲ, ಆಯುಧಗಳು ನಾಟುವುದಿಲ್ಲ. ಆಗ ನಾಲ್ವರಲ್ಲಿ ಒಬ್ಬಳಾದ ಬಾಲಿಕೆ ಪ್ರಾರ್ಥಿಸುತ್ತಾಳೆ. ದಾರಿಯಲ್ಲಿ ಪರಿಚಯವಾಗಿದ್ದವರೆಲ್ಲ ತಮ್ಮ ತಮ್ಮ ಊರಿನಲ್ಲಿಯೇ ಈ ಮಕ್ಕಳನ್ನು ನೆನೆದು ಪ್ರಾರ್ಥಿಸುತ್ತಾರೆ. ಕಟ್ಟಕಡೆಗೆ ಪ್ರಾರ್ಥಿಸುವವನು ಕಥೆಯೊಳಗಿನವನಲ್ಲ, ಯಂತ್ರ ಹಿಡಿದು ಆಡುತ್ತಿರುವವನು. ಅವನ ಹೆಸರೇ ತೆರೆಯ ಮೇಲೆ ಮೂಡುತ್ತದೆ. ನಮ್ಮ ಹುಡುಗನ ಹೆಸರು ಮೂಡಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಂತಹ ಆಟ ಅಮೆರಿಕದಲ್ಲಿ ಸೋತಿತು. ‘ಈ ಆಟ ನಾರುತ್ತದೆ’ ಎಂಬ ಅರ್ಥದ ಜಾಹೀರಾತು ಮಾಡಿ, ಕೆರೆದು ಮೂಸಿ ನೋಡುವ ದುರ್ವಾಸನೆಯ ಚೀಟಿಗಳನ್ನು ಹಂಚಿದರಂತೆ, ಹಾಸ್ಯವೆಂದು ಎಣಿಸಿರಬೇಕು. ಮಾರಾಟವಾದದ್ದು ಸುಮಾರು 1,40,000 ಪ್ರತಿ. ನಮಗಿದು ದೊಡ್ಡ ಸಂಖ್ಯೆಯಾಗಿ ಕಂಡರೂ, ಹತ್ತಾರು ಲಕ್ಷಗಳಲ್ಲಿ ಲೆಕ್ಕ ಹಾಕುವ ಆ ವ್ಯಾಪಾರದಲ್ಲಿ ಅಲ್ಪವೇ. ಇದರ ಮುಂದಿನ ಭಾಗ 2006ರಲ್ಲಿ ಜಪಾನಿನಲ್ಲಿ ಮಾತ್ರ ಬಂದಿತು.

ಆಮೇಲೆ ನಡೆದದ್ದೇ ನಮ್ಮ ಮಕ್ಕಳ ಪುಟಕ್ಕೆ ಸಂಬಂಧಿಸಿದ ವಿಷಯ. ಅಂಗಡಿಗಳಿಂದ ಮಾಯವಾದ ಆ ಆಟವನ್ನು ಮರೆಯಲೊಪ್ಪದ ಕೆಲವು ಮಂದಿ ಕೈಗೆ ಬಣ್ಣದ ಕಡ್ಡಿ ತೆಗೆದುಕೊಂಡರು. ಓದುಗರ ಚಿತ್ರಗಳನ್ನು ಅಚ್ಚುಹಾಕುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇತ್ತು. 1988ರಿಂದ 2012ರವರೆಗೆ ಅಮೆರಿಕದಲ್ಲಿ ನಡೆದ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆಗೆ ಮಕ್ಕಳು ಲಕೋಟೆಯ ಮೇಲೆಯೇ ತಮ್ಮ ಮೆಚ್ಚಿನ ಪಾತ್ರಗಳನ್ನು ಬರೆದು ಕಳುಹಿಸುತ್ತಿದ್ದರು. ಆ ಚಿತ್ರಗಳನ್ನು ಪತ್ರಿಕೆ ಅಚ್ಚುಹಾಕುತ್ತಿತ್ತು. ಅರ್ತ್‌ಬೌಂಡಿನ ಅಭಿಮಾನಿಗಳು ಒಂದು ಹೆಜ್ಜೆ ಮುಂದೆ ಹೋದರು. ಎಲ್ಲೆಲ್ಲಿಂದಲೋ ಒಬ್ಬರಿಗೊಬ್ಬರು ಕಳುಹಿಸಿಕೊಂಡ ಚಿತ್ರಗಳನ್ನು ಒಟ್ಟುಗೂಡಿಸಿ, ಇನ್ನೂರೈವತ್ತಕ್ಕೂ ಹೆಚ್ಚು ಪುಟಗಳ ವರ್ಣಚಿತ್ರ ಸಂಪುಟವೊಂದನ್ನು ಮಾಡಿ 2007ರಲ್ಲಿ ನಿಂಟೆಂಡೊ ಸಂಸ್ಥೆಗೂ ಪತ್ರಿಕೆಗಳಿಗೂ ಕಳುಹಿಸಿದರು. ಮನವಿ ಪತ್ರದ ಬದಲು ಚಿತ್ರಗಳು! ಸಂಸ್ಥೆ ಕೂಡಲೇ ಓಗೊಡಲಿಲ್ಲ. 2008ರಲ್ಲಿ ಅಭಿಮಾನಿಗಳು ಮೂರನೆಯ ಭಾಗವನ್ನು ತಾವೇ ಇಂಗ್ಲಿಷಿಗೆ ಅನುವಾದಿಸಿ ಹಂಚಿದರು. 2013ರಲ್ಲಿ ಅರ್ತ್‌ಬೌಂಡನ್ನು ಸಂಸ್ಥೆ ಮತ್ತೆ ಹೊರತಂದಿತು, 2022ರಲ್ಲಿ ಸ್ವಿಚ್ ಯಂತ್ರಕ್ಕೂ ತಂದಿತು. ಬಿಟ್ಟಂಗಾಲದ ನಮ್ಮ ಜಗಲಿಗೆ ಅದು ತಲುಪಿದ ದಾರಿ ಇದು. ಆ ಅಭಿಮಾನಿಗಳ ನಡುವೆ ಬೆಳೆದ ಟೋಬಿ ಫಾಕ್ಸ್ ಎಂಬ ತರುಣ 2015ರಲ್ಲಿ ‘ಅಂಡರ್‌ಟೇಲ್’ ಎಂಬ ಆಟವನ್ನು ರಚಿಸಿ ಲೋಕವಿಖ್ಯಾತನಾದ.

ಆಡುವವರು ಕಡಿಮೆಯಾದ ಆಟವನ್ನು ಬರೆಯುವವರು ಉಳಿಸುವುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಯಿತು. (ಮೂರು ವರ್ಷದ ಅನಂತರ ನಮ್ಮ ಕೊಡಗಿನ ಅರಸರ ಸಿಂಹಾಸನವೂ ಹೋಯಿತು.) ರಾಜ್ಯವಿಲ್ಲದ ಆ ಅರಸರು ಗ್ರಂಥ, ಚಿತ್ರ, ಆಟಗಳ ಲೋಕವನ್ನು ಕಟ್ಟಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಛದ ಎಂಬ ಗಂಜೀಫಾ ಎಲೆಗಳ ಆಟಗಳ ವಿವರವಿದೆ. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆಗಳು! ಮುನ್ನೂರಿಪ್ಪತ್ತು ಎಲೆಗಳನ್ನು ನೆನಪಿನಲ್ಲಿಟ್ಟು ಆಡುವ ತಾಳ್ಮೆ ಅರಮನೆಯ ಹೊರಗೆ ಯಾರಿಗೆ ಇದ್ದೀತು? ಆ ಛದಗಳನ್ನು ಆಡಬಲ್ಲವರನ್ನು ನಾವು ಈವರೆಗೆ ಕಂಡಿಲ್ಲ. ಆದರೆ ಎಲೆಗಳನ್ನು ಬರೆಯುವವರಿದ್ದಾರೆ. ಗಂಜೀಫಾ ರಘುಪತಿ ಭಟ್ಟರಂತಹ ಕಲಾವಿದರ ಕುಂಚದಿಂದ ಆ ಕಲೆ ಮತ್ತೆ ಬೆಳಕಿಗೆ ಬಂದಿತು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅವರು ಬರೆಯುವುದು ಹಿಂದಿನ ಕೈಗಳು ಗೊತ್ತುಮಾಡಿದ ರೂಪಗಳನ್ನು. ಅದನ್ನು ನಕಲೆಂದು ಹೇಳಿ ನಾವು ಕಾರ್ಡು ಬರೆದೆವೇ?

ಪದಕ್ಕೆ ಪದವನ್ನು ಇಳಿಸುವುದು ಪ್ರತಿಮಾಡುವುದು. ಓಲೆಗರಿಯ ಕಟ್ಟುಗಳ ನಡುವೆ ಬೆಳೆದ ನಮಗೆ ಅದು ಗೊತ್ತು. ಮೂಲವು ಹೇಳದೆ ಬಿಟ್ಟದ್ದನ್ನು ಮೂಲವನ್ನು ಪ್ರೀತಿಸುವವನು ಬಿಡಿಸಿ ತೋರಿಸುವುದು ಮತ್ತೊಂದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿಯಾಗಿದ್ದ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿ ಮೊದಲ ಶೂನ್ಯಸಂಪಾದನೆಯನ್ನು ಮಾಡಿದರು. ಅವರ ಬಳಿಕ ಮತ್ತೆ ಮೂವರು ಅದನ್ನೇ ತಮ್ಮ ತಮ್ಮ ದೃಷ್ಟಿಯಿಂದ ಪರಿಷ್ಕರಿಸಿದರು. ಅನುಭವ ಮಂಟಪದಲ್ಲಿ ಯಾರ ಮಾತಿಗೆ ಯಾರು ಹೀಗೆ ಉತ್ತರ ಕೊಟ್ಟರೆಂಬುದನ್ನು ನಾವು ಇಂದು ಕಣ್ಣಾರೆ ಕಂಡಂತೆ ಹೇಳುವುದು ಈ ಓದುಗರ ಕೃಪೆಯಿಂದ. ವಚನಕ್ಕೂ ವಿಡಿಯೋ ಗೇಮಿಗೂ ತಕ್ಕಡಿ ಕಟ್ಟುತ್ತಿದ್ದೇವೆಂದು ಯಾರೂ ಮುನಿಯಬಾರದು. ವಸ್ತು ಬೇರೆ, ಎತ್ತರ ಬೇರೆ. ಓದುಗನ ಕೈ ಕೆಲಸ ಮಾಡುವ ರೀತಿಯನ್ನಷ್ಟೇ ಹೇಳಿದೆವು.

ಆಟದ ಚಿತ್ರಗಳಿಗೆ ಪುಟ ತೆರೆದರೆ ಮಕ್ಕಳು ಆಟದಲ್ಲಿಯೇ ಮುಳುಗುವರೆಂದು ಸಂಪಾದಕ ಮಂಡಲಿಯ ಹಿರಿಯರೊಬ್ಬರು ಶಂಕಿಸಿದರು. ಆ ಬಾಲಿಕೆಯನ್ನೇ ಕೇಳಿ ತಿಳಿದದ್ದನ್ನು ಅವರಿಗೆ ಹೇಳಿದೆವು: ನಾಲ್ಕು ಚಿತ್ರಗಳೂ ಕರೆಂಟು ಹೋಗಿ, ಯಂತ್ರದ ಬ್ಯಾಟರಿಯೂ ಮುಗಿದ ದಿನಗಳಲ್ಲಿ ಮೊಂಬತ್ತಿಯ ಬೆಳಕಿನಲ್ಲಿ ಬರೆದವು. ಮುಂದೆ ಬದುಕಿಗೆ ಇದರಿಂದ ಏನೆಂದು ಕೇಳುವ ತಂದೆತಾಯಿಗಳಿಗೂ ಒಂದು ಮಾತು. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆ 1990ರ ದಶಕದಲ್ಲಿಯೇ ಈ ಉದ್ಯಮವನ್ನು ಆರಂಭಿಸಿ, ವಿದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಅಮೆರಿಕದ ಸಂಸ್ಥೆ ಕೊಂಡುಕೊಂಡಿತು. ಚಿತ್ರ ಬರೆಯುವ ಕೈಗೆ ಅಲ್ಲಿ ಸಂಬಳವಿದೆ.

ಇನ್ನು ಮುಂದೆ ಆಟದ ಚಿತ್ರಗಳನ್ನೂ ಸ್ವೀಕರಿಸುತ್ತೇವೆ. ಯಾವ ಆಟ, ಅದನ್ನು ಮಾಡಿದವರು ಯಾರೆಂಬುದನ್ನು ಹಾಳೆಯ ಕೆಳಗೆ ಬರೆಯಬೇಕು. ಪಾತ್ರ ಅವರದು, ಗೆರೆ ಮಾತ್ರ ನಿಮ್ಮದು. ಮೊಬೈಲಿನಿಂದ ಪ್ರಿಂಟು ತೆಗೆದದ್ದು ಬೇಡ. ಗೊತ್ತಿಲ್ಲದ ಆಟವಾದರೆ ನಮಗೆ ನಾಲ್ಕು ಸಾಲಿನ ವಿವರಣೆ ಇರಲಿ.

ನಾಲ್ಕನೆಯ ಚಿತ್ರದ ಮಾತು ಉಳಿಯಿತು. ಆ ಬಾಲಿಕೆಯ ತಂದೆ ಸೈನ್ಯದಲ್ಲಿದ್ದಾರೆ. ಗಡಿಯ ಅವರ ಠಾಣೆಯಿಂದ ಮನೆಗೆ ಬರುವುದು ಭಾನುವಾರದ ಧ್ವನಿ ಮಾತ್ರ, ಅದೂ ಮಳೆಯಲ್ಲಿ ನೆಟ್‌ವರ್ಕ್ ಇದ್ದರೆ. ಆಟದಲ್ಲಿ ಮುಖವಿಲ್ಲದ ತಂದೆಗೆ ಅವಳು ಬರೆದುಕೊಟ್ಟದ್ದು ಆ ಮುಖವನ್ನು. ಕ್ಷಮೆ ಕೇಳಲು ಅವರ ಮನೆಗೆ ಹೋಗಿದ್ದಾಗ, ಆ ಗೆರೆಗಳಲ್ಲಿ ಮೀಸೆ ಮಾತ್ರ ಪೆನ್ಸಿಲಿನಲ್ಲಿಯೇ ಉಳಿದಿರುವುದೇಕೆ, ಉಳಿದದ್ದಕ್ಕೆಲ್ಲ ಬಣ್ಣ ಹಚ್ಚಿದ್ದೀಯಲ್ಲ ಎಂದು ಕೇಳಿದೆವು.

‘ಹೋದ ಸಲ ಬಂದಾಗ ಇತ್ತು ಅಜ್ಜ. ಈಗ ಇದೆಯೋ ಇಲ್ಲವೋ ಗೊತ್ತಿಲ್ಲ. ಬಂದ ಮೇಲೆ ನೋಡಿ ಬಣ್ಣ ಹಾಕ್ತೀನಿ’ ಎಂದಳು.

ಈ ಸಂಚಿಕೆಯ ಮಕ್ಕಳ ಪುಟದಲ್ಲಿ ಆ ಚಿತ್ರವನ್ನು ಹಾಗೆಯೇ ಅಚ್ಚುಹಾಕಿದ್ದೇವೆ.