ಘಟ್ಟದ ಕೆಳಗಿನ ಮೀನುಪೇಟೆಯೂ ನಮ್ಮ ಬೇಸಿಗೆಯ ರಜೆಯೂ

ಬೇಸಿಗೆಯ ರಜೆ ಬಂದೊಡನೆ ಕಲಘಟಗಿ ತಾಲೂಕಿನ ತಂಬೂರ ಮತ್ತು ಅದರ ಸುತ್ತಲಿನ ಹಳ್ಳಿಗಳ ಕುಟುಂಬಗಳಿಗೆ ಕಡಲು ನೆನಪಾಗುವುದು ಸಹಜ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಮುಂದೆ ಸಾಗಿದರೆ ಅಂಕೋಲೆ ಸಿಗುತ್ತದೆ. ಕಲಘಟಗಿಯಿಂದ ಅಲ್ಲಿಗೆ 100 ಕಿಲೋಮೀಟರಿಗೆ ತುಸು ಹೆಚ್ಚು ದಾರಿ. ಮಕ್ಕಳಿಗೆ ಮರಳು ಮತ್ತು ತೆರೆ, ಹಿರಿಯರಿಗೆ ಎರಡು ದಿನದ ವಿಶ್ರಾಂತಿ, ಎಲ್ಲರಿಗೂ ತಾಜಾ ಮೀನಿನ ಊಟ. ಆದರೆ ಆ ಊಟಕ್ಕೆ ಮೂಲವಾದ ಮೀನುಪೇಟೆಯನ್ನು ಒಂದು ಗಳಿಗೆ ನಿಂತು ನೋಡುವವರು ಕಡಿಮೆ. ಕಳೆದ ಮೇ ತಿಂಗಳ ಕೊನೆಯ ವಾರ ನಾವು ಕುಟುಂಬಸಮೇತ ಅಲ್ಲಿಗೆ ಹೋದಾಗ ಕಂಡುದನ್ನೂ ಕೇಳಿದುದನ್ನೂ ಓದುಗರ ಮುಂದಿಡುತ್ತಿದ್ದೇವೆ.

ಧಾರವಾಡ ಸೀಮೆಗೂ ಈ ಕರಾವಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 19ನೆಯ ಶತಮಾನದಲ್ಲಿ ನಮ್ಮ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರು ಸೇರುತ್ತಿತ್ತು. ನಮ್ಮ ಹೊಲದ ಹತ್ತಿಗೆ ಪರದೇಶದ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಂದುದು ಹೀಗೆ. ಈ ವ್ಯಾಪಾರಕ್ಕಾಗಿ ಕಾರವಾರದ ಬಂದರನ್ನು ಬೆಳೆಸಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿ ಇಳಿಸಿದ ಎತ್ತುಗಳು ಮರಳುವಾಗ ಕಡಲಿನ ಉಪ್ಪನ್ನು ಹೊತ್ತು ತರುತ್ತಿದ್ದವು. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಮಾರ್ಮಗೋವಾ ಬಂದರಿಗೆ ರೈಲು ದಾರಿ ತೆರೆದ ಮೇಲೆ ಆ ವಹಿವಾಟು ಕುಗ್ಗಿತು. ಧರ್ಮಸಭೆಯ ಮಟ್ಟಿಗೂ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ರಚನೆಯಾಗುವ ತನಕ ಘಟ್ಟದ ಮೇಲಿನವರೂ ಕೆಳಗಿನವರೂ ಬೆಳಗಾವಿ ಧರ್ಮಪ್ರಾಂತ್ಯದ ಒಂದೇ ಮನೆಯವರಾಗಿದ್ದೆವು. ಆದುದರಿಂದ ಅಂಕೋಲೆಯ ಪೇಟೆಯಲ್ಲಿ ನಾವು ತೀರ ಹೊರಗಿನವರೇನೂ ಅಲ್ಲ.

ಪೇಟೆಯ ಒಂದು ಬದಿಯಲ್ಲಿ ಹಾಲಕ್ಕಿ ಒಕ್ಕಲು ಜನಾಂಗದ ಹೆಣ್ಣುಮಕ್ಕಳು ಕೊರಳ ತುಂಬ ಮಣಿಸರ ಧರಿಸಿ, ತಾವೇ ಬೆಳೆದ ಸೊಪ್ಪು, ತರಕಾರಿಗಳನ್ನು ಬುಟ್ಟಿಗಳಲ್ಲಿಟ್ಟು ಕುಳಿತಿರುತ್ತಾರೆ. ಮೇ ತಿಂಗಳಾದರೆ ಅಂಕೋಲೆಯ ಕರಿ ಇಶಾಡ ಮಾವಿನ ಪರಿಮಳವೂ ಅಲ್ಲಿರುತ್ತದೆ. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇನ್ನೊಂದು ಬದಿಗೆ ಮೀನು. ಬಂಗಡೆ, ತಾರ್ಲೆ, ನೋಗ್ಲಿ, ಇಸವಾಣ, ಸೀಗಡಿ, ಏಡಿ, ಅಘನಾಶಿನಿಯ ಅಳಿವೆಯಿಂದ ಬಂದ ಬಳಚು. ಹಿಡಿಯುವವರು ಹೆಚ್ಚಾಗಿ ಗಂಡಸರಾದರೂ ಇಲ್ಲಿ ಮಾರುವವರೆಲ್ಲ ಹೆಂಗಸರೇ. ಸಣ್ಣ ಮೀನನ್ನು ಗುಡ್ಡೆ ಹಾಕಿ, ಬಂಗಡೆಯನ್ನು ಎಣಿಸಿ, ದೊಡ್ಡದನ್ನು ತೂಗಿ ಕೊಡುತ್ತಾರೆ. ಲೆಕ್ಕವೆಲ್ಲ ಬಾಯಿಯಲ್ಲೇ ಇರುತ್ತದೆ, ತಪ್ಪುವುದಿಲ್ಲ.

ನಮ್ಮ ಪಕ್ಕದಲ್ಲಿ ನಿಂತಿದ್ದ ಪ್ರವಾಸಿಯೊಬ್ಬರು ಬಂಗಡೆಯ ದರ ಕೇಳಿ, “ಕಡಲ ದಂಡೆಯಲ್ಲೇ ಇಷ್ಟು ತುಟ್ಟಿಯೇ?” ಎಂದು ಸಿಡುಕಿದರು. ಬುಟ್ಟಿಯ ಮುಂದೆ ಕುಳಿತ ವಯಸ್ಸಾದ ತಾಯಿ ಸಿಟ್ಟಾಗಲಿಲ್ಲ. “ತಮ್ಮಾ, ದೋಣಿಗೆ ಮೀನು ಕಡಿಮೆ, ಊರಿಗೆ ಜನ ಜಾಸ್ತಿ. ಇನ್ನೊಂದು ವಾರಕ್ಕೆ ಬೋಟೆಲ್ಲ ದಡಕ್ಕೆ ಬರ್ತದೆ. ಆಮೇಲೆ ಎರಡು ತಿಂಗಳು ಈ ಒಣಮೀನೇ ನಮಗೆ ಅನ್ನ” ಎಂದು ಬದಿಯಲ್ಲಿದ್ದ ಗೋಣಿಚೀಲವನ್ನು ತೋರಿಸಿದರು.

ಆ ಮಾತಿನಲ್ಲಿ ಪೇಟೆಯ ಇಡೀ ಲೆಕ್ಕವಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಮಳೆಗಾಲದಲ್ಲಿ ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವುದರಿಂದ ಈ ನಿಷೇಧ ಅವಶ್ಯವೇ ಹೌದು. 10 ಅಶ್ವಶಕ್ತಿಯೊಳಗಿನ ಯಂತ್ರದ ಸಣ್ಣ ದೋಣಿಗಳಿಗೆ, ನಾಡದೋಣಿಗಳಿಗೆ ವಿನಾಯಿತಿ ಇದೆಯಾದರೂ ಮುಂಗಾರಿನ ಕಡಲು ಅವರಿಗೂ ದಿನನಿತ್ಯ ದಾರಿ ಬಿಡುವುದಿಲ್ಲ. ನಮ್ಮ ಶಾಲೆಗಳಿಗೆ ರಜೆಯಿರುವ ಮೇ ತಿಂಗಳು ಈ ಹೆಂಗಸರಿಗೆ ಸುಗ್ಗಿಯ ಕೊನೆ. ಬರಲಿರುವ ಎರಡು ತಿಂಗಳ ಅಕ್ಕಿ, ಔಷಧಿ, ಮಕ್ಕಳ ಶಾಲೆಯ ಪುಸ್ತಕ ಎಲ್ಲವೂ ಆ ಬುಟ್ಟಿಯಿಂದಲೇ ಹೊರಡಬೇಕು.

ಬುಟ್ಟಿಯಲ್ಲಿರುವ ಮೀನು ಅವರಿಗೆ ಪುಕ್ಕಟೆ ಬಂದುದೂ ಅಲ್ಲ. ದೋಣಿ ದಡ ಸೇರಿದಾಗ ಸವಾಲಿನಲ್ಲಿ ಕೂಗಿ ಕೊಳ್ಳಬೇಕು. ಟೆಂಪೋ ಬಾಡಿಗೆ, ಮಂಜುಗಡ್ಡೆಯ ಖರ್ಚು ಬೇರೆ. ಮಧ್ಯಾಹ್ನದ ಹೊತ್ತಿಗೆ ಮಾರದೆ ಉಳಿದರೆ ಸಿಕ್ಕ ಬೆಲೆಗೆ ಕೊಡಬೇಕು, ಇಲ್ಲವೇ ಉಪ್ಪು ಹಾಕಿ ಒಣಗಿಸಬೇಕು. ಹೊಟೇಲಿನಲ್ಲಿ ಹುರಿದ ಒಂದೇ ಬಂಗಡೆಗೆ ಪಟ್ಟಿಯಲ್ಲಿ ಬರೆದ ದರವನ್ನು ತುಟಿ ಪಿಟಕ್ಕೆನ್ನದೆ ಕೊಡುವ ನಾವು, ಬಿಸಿಲಿನಲ್ಲಿ ಕುಳಿತವರ ಹತ್ತಿರ ಹತ್ತು ರೂಪಾಯಿಗೆ ಹಟ ಹಿಡಿಯುವುದು ಯಾವ ನ್ಯಾಯ? ಚೌಕಾಶಿ ಪೇಟೆಯ ರೀತಿಯೇ ಇರಬಹುದು. ಒಂದು ಮಾತು ಕೇಳಿ, ಅವರು ಇಳಿಸಿದಷ್ಟಕ್ಕೆ ಒಪ್ಪುವುದು ಮರ್ಯಾದೆ.

ಕಡಲಿನ ಸ್ಥಿತಿಯೂ ಹಿಂದಿನಂತಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ ಸಿಕ್ಕಿದ್ದರೆ, 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಬಡವರ ಮೀನೆಂದು ಕರೆಯುತ್ತಿದ್ದ ಮೀನಿನ ಗತಿ ಇದು. ರಾತ್ರಿ ಪ್ರಖರ ದೀಪ ಹಾಯಿಸಿ ಮೀನುಗಳನ್ನು ಸೆಳೆದು ಬಾಚುವ ಪದ್ಧತಿಯನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಕಾರವಾರ ಮತ್ತು ಅಂಕೋಲೆಯ ನಡುವಿನ ಹಲವು ಮೀನುಗಾರ ಕುಟುಂಬಗಳಂತೂ ಸೀಬರ್ಡ್ ನೌಕಾನೆಲೆಗಾಗಿ ತಮ್ಮ ದಂಡೆಯನ್ನೇ ಬಿಟ್ಟು ಬೇರೆಡೆಗೆ ಬಂದು ನೆಲೆಸಬೇಕಾಯಿತು. ದೇಶದ ರಕ್ಷಣೆಗೆ ಅವರು ಕೊಟ್ಟ ಬೆಲೆ ಸಣ್ಣದಲ್ಲ.

ಇನ್ನು ಕೊಳ್ಳುವವರಿಗೆ ಕೆಲವು ಮಾತು. ತಾಜಾ ಮೀನಿನ ಕಣ್ಣು ತಿಳಿಯಾಗಿರುತ್ತದೆ, ಕಿವಿರು ಕೆಂಪಗಿರುತ್ತದೆ, ಬೆರಳಿನಿಂದ ಒತ್ತಿದರೆ ಮಾಂಸ ಕುಳಿ ಬೀಳದೆ ಮತ್ತೆ ಉಬ್ಬುತ್ತದೆ. ಘಟ್ಟ ಹತ್ತಿಸಿ ಊರಿಗೆ ಒಯ್ಯುವುದಾದರೆ ಕರುಳು ತೆಗೆಸಿ, ಸಾಕಷ್ಟು ಮಂಜುಗಡ್ಡೆಯ ನಡುವೆ ಇಡಬೇಕು. ದೊಡ್ಡ ಜಾತಿಯ ಮೀನಿನ ಬೆರಳುದ್ದದ ಮರಿಗಳನ್ನೂ ಹೊಟ್ಟೆಯಡಿ ಮೊಟ್ಟೆ ಹೊತ್ತ ಏಡಿಗಳನ್ನೂ ಕೊಳ್ಳದಿರುವುದು ಲೇಸು. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾಗುತ್ತಾರೆ. ಒಣಮೀನು ಗರಿಗರಿಯಾಗಿರಬೇಕು, ಮರಳು ಅಂಟಿರಬಾರದು, ಕೆಂಪು ಕಲೆಯಾಗಲಿ ಬೂಷ್ಟಾಗಲಿ ಇರಬಾರದು. ಮನೆಗೆ ತಂದು ಇನ್ನೊಂದು ಬಿಸಿಲು ಕಾಯಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಳೆಗಾಲಕ್ಕೆ ಒದಗುತ್ತದೆ.

ಶುಕ್ರವಾರ ಮಾಂಸ ವರ್ಜಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಆ ದಿನ ದುಬಾರಿ ಇಸವಾಣವನ್ನು ಹುರಿದು ಉಂಡರೆ ನಿಯಮ ಪಾಲಿಸಿದಂತಾದೀತು, ವ್ರತವಾದೀತೇ ಎಂಬುದನ್ನು ನಾವೇ ಯೋಚಿಸಬೇಕು. ನಮ್ಮ ಅಜ್ಜಿಯಂದಿರು ಒಂದು ಹಿಡಿ ಒಣ ಸೀಗಡಿಯ ಚಟ್ನಿ, ರೊಟ್ಟಿಗಳಲ್ಲಿ ಆ ದಿನವನ್ನು ಕಳೆಯುತ್ತಿದ್ದರು. ಪ್ರೇಷಿತರಲ್ಲಿ ಕೆಲವರು ಬಲೆ ಬೀಸುವವರೇ ಆಗಿದ್ದರೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತ ಮಕ್ಕಳಿಗೆ, ಬಲೆಯ ಬದುಕು ಎಂಥದೆಂಬುದನ್ನು ತೋರಿಸಲು ಇಂಥ ಪೇಟೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಈ ಬೇಸಿಗೆಯಲ್ಲಿ ಘಟ್ಟ ಇಳಿಯುವ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬೆಳಿಗ್ಗೆ ಬೇಗ ಪೇಟೆಗೆ ಹೋಗಿರಿ, ಮಕ್ಕಳನ್ನೂ ಕರೆದೊಯ್ಯಿರಿ. ಮಾರುವ ತಾಯಂದಿರನ್ನು ಅಕ್ಕಾ, ಅಮ್ಮಾ ಎಂದು ಕರೆದು ಮಾತನಾಡಿಸಿರಿ. ಅವತ್ತಿನ ಊಟಕ್ಕೆ ಬೇಕಾದಷ್ಟೇ ಹಸಿಮೀನು ಕೊಂಡು, ಜೊತೆಗೆ ಮಳೆಗಾಲಕ್ಕೆಂದು ಒಂದೆರಡು ಸೇರು ಒಣಮೀನನ್ನೂ ಕೊಳ್ಳಿರಿ. ನಮ್ಮ ಅಡುಗೆಮನೆಗೆ ಅದು ರುಚಿಯ ಮಾತು. ಅವರ ಅಡುಗೆಮನೆಯಲ್ಲಿ ಜೂನ್, ಜುಲೈ ತಿಂಗಳ ಒಲೆ ಉರಿಯುವುದು ಅದರಿಂದಲೇ.