ರಾಣಿಯ ಅಪ್ಪಣೆ ಬೇಡದ ತೀರ್ಮಾನ

ಮನೆ ಹುಡುಕುವ ಕಷ್ಟ ಹುಡುಕಿದವರಿಗೇ ಗೊತ್ತು. ಐವರಿರುವ ಸಂಸಾರದಲ್ಲಿಯೇ ಒಮ್ಮತ ದುರ್ಲಭ. ಇನ್ನು 10,000 ಮಂದಿಯ ಸಂಸಾರವಾದರೆ? ಜೇನ್ನೊಣಗಳಿಗೆ ಒದಗುವ ಸಮಸ್ಯೆ ಇದೇ.

ವಸಂತದಲ್ಲಿ ಗೂಡು ಕಿಕ್ಕಿರಿದಾಗ ಯೂರೋಪಿನ ಜೇನ್ನೊಣಗಳ ಸಂಸಾರ ಪಾಲಾಗುತ್ತದೆ. ಹಳೆಯ ರಾಣಿಯೊಡನೆ ಸಾವಿರಾರು ನೊಣಗಳು ಹೊರಬಿದ್ದು, ಸಮೀಪದ ಕೊಂಬೆಗೆ ಜೋತುಬೀಳುತ್ತವೆ. ಹೊಟ್ಟೆಯಲ್ಲಿ ತುಂಬಿ ತಂದ ಜೇನು ತೀರುವುದರೊಳಗೆ ಮನೆಯನ್ನು ಗೊತ್ತುಮಾಡಿಕೊಳ್ಳಬೇಕು. ಪೊಟರೆ ಕಿರಿದಾದರೆ ಚಳಿಗಾಲಕ್ಕೆ ಬೇಕಾದ ಜೇನನ್ನು ಕೂಡಿಡಲು ಸ್ಥಳವಿಲ್ಲ. ಬಾಗಿಲು ಅಗಲವಾದರೆ ಚಳಿಗೂ ಶತ್ರುವಿಗೂ ತಡೆಯಿಲ್ಲ. ಆಯ್ಕೆ ತಪ್ಪಿದರೆ ಇಡೀ ಸಂಸಾರವೇ ಅಳಿದೀತು.

ಹಾಗಾದರೆ ಆಯ್ಕೆ ಮಾಡುವವರು ಯಾರು? ರಾಣಿಯಂತೂ ಅಲ್ಲ, ಮೊಟ್ಟೆಯಿಡುವುದಷ್ಟೇ ಆಕೆಯ ಕೆಲಸ.

1949ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾರ್ಟಿನ್ ಲಿಂಡೌವರ್ ಎಂಬ ತರುಣ ವಿಜ್ಞಾನಿ ಇಂಥ ಹಿಂಡೊಂದರ ಮೇಲೆ ಕೆಲವು ನೊಣಗಳು ಕುಣಿಯುತ್ತಿದ್ದುದನ್ನು ಕಂಡರು. ಮೇವಿರುವ ದಿಕ್ಕನ್ನೂ ದೂರವನ್ನೂ ನೊಣಗಳು ಕುಣಿತದಿಂದ ತಿಳಿಸುತ್ತವೆಂಬುದನ್ನು ಅವರ ಗುರು, ಮುಂದೆ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ಫಾನ್ ಫ್ರಿಷ್, ಆಗಲೇ ತೋರಿಸಿಕೊಟ್ಟಿದ್ದರು. ಆದರೆ ಈ ನರ್ತಕಿಯರ ಮೈಗೆ ಅಂಟಿದ್ದುದು ಪರಾಗವಲ್ಲ. ಮಸಿ, ಇಟ್ಟಿಗೆಯ ಪುಡಿ! ಯುದ್ಧದಲ್ಲಿ ಹಾಳಾದ ನಗರದ ಹೊಗೆಗೂಡು, ಗೋಡೆಯ ಬಿರುಕುಗಳನ್ನು ಹೊಕ್ಕು ನೋಡಿಬಂದ ಬೇಹಿನ ನೊಣಗಳು ಅವು.

ಅಮೆರಿಕದ ಥಾಮಸ್ ಸೀಲಿ ಈ ಶೋಧವನ್ನು ಮುಂದುವರಿಸಿದರು. ಮೇನ್ ತೀರದ ಆಪಲ್‌ಡೋರ್ ದ್ವೀಪದಲ್ಲಿ ನೊಣಗಳಿಗೆ ಒಗ್ಗುವ ಪೊಟರೆಗಳಿಲ್ಲ; ಅಲ್ಲಿ ಅವರು ಪೆಟ್ಟಿಗೆಗಳನ್ನಿಟ್ಟು ಪರೀಕ್ಷಿಸಿದರು. 40 ಲೀಟರಿನ ಪೆಟ್ಟಿಗೆಯನ್ನು ಕಂಡ ನೊಣ ಬಹಳ ಹೊತ್ತು ಕುಣಿಯುತ್ತದೆ. 15 ಲೀಟರಿನದನ್ನು ಕಂಡದ್ದು ಬೇಗನೆ ಸುಮ್ಮನಾಗುತ್ತದೆ. ಕುಣಿತವನ್ನು ನೋಡಿದ ಮಾತ್ರಕ್ಕೆ ಇನ್ನೊಂದು ಒಪ್ಪುವುದಿಲ್ಲ. ತಾನೇ ಹೋಗಿ ನೋಡಿಬಂದ ಮೇಲೆಯೇ ಅದೂ ಕುಣಿಯುತ್ತದೆ. ಹೋಗಿಬಂದಂತೆಲ್ಲ ಕುಣಿತ ಕುಗ್ಗುತ್ತ ಬರುವುದರಿಂದ ಹಟಕ್ಕೆ ಇಲ್ಲಿ ಆಸ್ಪದವಿಲ್ಲ. ಬೇರೆ ಮನೆಯ ಪರವಾದ ನೊಣ ಎದುರು ಪಕ್ಷದ ನರ್ತಕಿಯನ್ನು ತಲೆಯಿಂದ ಗುದ್ದಿ ನಿಲ್ಲಿಸುವುದೂ ಉಂಟೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಒಂದು ಮನೆಯ ಬಳಿ 20-30 ಬೇಹಿನ ನೊಣಗಳು ಏಕಕಾಲಕ್ಕೆ ಕೂಡಿದರೆ ತೀರ್ಮಾನವಾದಂತೆ. ಅವು ಮರಳಿಬಂದು ಸಣ್ಣ ದನಿಯೆತ್ತಿ ಎಲ್ಲರನ್ನೂ ಎಚ್ಚರಿಸುತ್ತವೆ; ರೆಕ್ಕೆಯ ಸ್ನಾಯುಗಳು ಬೆಚ್ಚಗಾದೊಡನೆ ಹಿಂಡು ಹಾರುತ್ತದೆ. ದಾರಿ ಬಲ್ಲವು ನೂರಕ್ಕೆ ಐದರಷ್ಟು ಮಾತ್ರ. ಅವು ಹಿಂಡಿನ ಮೇಲ್ಭಾಗದಲ್ಲಿ ರಭಸದಿಂದ ಹಾರಿ ಉಳಿದವಕ್ಕೆ ದಿಕ್ಕು ತೋರುತ್ತವೆ.

ರಾಣಿಯೂ ಹಿಂಡಿನೊಡನೆ ಹೊರಡುತ್ತಾಳೆ. ಆ ಹೊಸ ಮನೆಯನ್ನು ಆಕೆ ಇನ್ನೂ ಕಂಡಿರುವುದಿಲ್ಲ!